ಎದುರಿಗೆ ಬರುವ ಗಾಡಿ

ಊರಿಗೆಲ್ಲ ಕಾರು ಓಡಿಸಲು ಕಲಿಸಿದವನು ತಾನೇ ಎಂದು ಅಣ್ಣನಿಗೆ ಹಮ್ಮು. ಕಲಿಸಿದ್ದೇನೋ ನಿಜವೇ. ಆದರೆ ಗಾಲಿ ಇರುವ ಯಾವುದೇ ವಸ್ತು ಕಣ್ಣಿಗೆ ಬಿದ್ದರೂ ಅದರ ಬಗ್ಗೆ ನಾಲ್ಕು ಮಾತಾಡದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ತಳ್ಳುಗಾಡಿಯವನನ್ನೂ ನಿಲ್ಲಿಸಿ ಬುದ್ಧಿ ಹೇಳಿ ಬಂದ ಭೂಪ ಅವನು. ಅವನ ತಂಗಿ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ವಯಸ್ಸು ನಲವತ್ತು ದಾಟಿತ್ತು, ಮದುವೆ ಬೇಡವೆಂದು ಅಪ್ಪನ ಕಾಲದ ಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆಗೇ ಉಳಿದಿದ್ದಳು. ಅವಳು ಒಂದು ದಿನ ರಿಮೋಟ್ ಕಾರಿನ ಡಬ್ಬ ತಂದು ಮುಂದಿನ ಕೋಣೆಯ ಮೇಜಿನ ಮೇಲೆ ಇಟ್ಟಳು. ಅಣ್ಣ ನಕ್ಕ ನಗು ಎದುರು ಮನೆಗೂ ಕೇಳಿಸಿತು.

"ಈ ವಯಸ್ಸಲ್ಲಿ ಆಟದ ಸಾಮಾನಾ? ತೊಟ್ಟಿಲೂ ತರೋದಿತ್ತು!"

ಬಿಡಿ ಭಾಗಗಳಾಗಿ ಬಂದಿದ್ದ ಕಾರನ್ನು ಅವಳೇ ಕೂತು ಜೋಡಿಸಿದಳು. ಶುರುವಿನಲ್ಲಿ ಎಡವಟ್ಟುಗಳಿಗೇನು ಕಡಿಮೆ ಇರಲಿಲ್ಲ. ನಿಲ್ಲಿಸುವಾಗ ಕಾರಿಗಿಂತ ಮೊದಲು ರಿಮೋಟನ್ನು ಆಫ್ ಮಾಡಿದಳು. ಹಿಡಿತ ತಪ್ಪಿದ ಕಾರು ಹೋಗಿ ಅತ್ತಿಗೆಯ ಹೂಕುಂಡ ಒಡೆಯಿತು. ಹಲ್ಲುಚಕ್ರಗಳನ್ನು ಒಂದಕ್ಕೊಂದು ತೀರ ಒತ್ತಿ ಕೂರಿಸಿ ಮೋಟಾರು ಸುಟ್ಟಳು. ನಡುವೆ ತೆಳು ಕಾಗದದ ಚೂರು ಇಟ್ಟು ಬಿಗಿದು, ಆಮೇಲೆ ಕಾಗದ ಎಳೆದುಬಿಟ್ಟರೆ ಬೇಕಾದಷ್ಟೇ ಸಂದು ಉಳಿಯುತ್ತದೆ ಎಂದು ಯಾರೋ ಹೇಳಿಕೊಟ್ಟ ಮೇಲೆ ಅವಳಿಗೇ ನಗು ಬಂತು. ಲ್ಯಾಬಿನಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಕಾಗದ ಇಟ್ಟು ನೋಡುವುದೇ ಅವಳ ದಿನನಿತ್ಯದ ಕೆಲಸವಾಗಿತ್ತು. ಅಲ್ಲಿಂದ ಮುಂದೆ ಕೈ ಕುದುರಿತು.

ಅಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. ಗೋದಾಮಿನ ಹಿಂದಿನ ಬಯಲಿನಲ್ಲಿ ಭಾನುವಾರ ರಿಮೋಟ್ ಕಾರುಗಳ ಪಂದ್ಯ ಇದೆ, ತಾನೂ ಹೆಸರು ಕೊಟ್ಟಿದ್ದೇನೆ ಎಂದು ಅವಳು ಹೇಳಿದ ದಿನ ಮೇಜು ಕುಟ್ಟಿದ.

"ಮೂರು ಸುತ್ತು ಮುಗಿಸಿಬಿಡು, ಈ ಮೇಜು ನಿಂದೇ. ಮುಗಿಸ್ಲಿಲ್ವೋ, ಸೋಮವಾರ ಈ ಗುಜರಿ ಎಲ್ಲಾ ಮನೆಯಿಂದ ಆಚೆ."

ಅವಳು ಒಪ್ಪಿಕೊಂಡಳು. ಆ ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಮೇಜೊಂದೇ. ಅದೂ ಹೋದರೆ ಮತ್ತೆ ಅಣ್ಣನ ಟೀವಿ, ಅಣ್ಣನ ಮಾತು, ಅಣ್ಣ ಎದ್ದರೆ ಏಳುವುದು, ಕೂತರೆ ಕೂರುವುದು. ಶನಿವಾರ ಸಂಜೆಯೇ ಎಲ್ಲವನ್ನೂ ಪರೀಕ್ಷಿಸಿ ಇಟ್ಟಳು. ಆ ಧೈರ್ಯದ ಮೇಲೆ ಭಾನುವಾರ ಬೆಳಗ್ಗೆ ಬ್ಯಾಟರಿ ಮಾತ್ರ ನೋಡಿಕೊಂಡಳು, ಚಕ್ರ ಎಡಬಲಕ್ಕೆ ತಿರುಗಿಸಿ ನೋಡಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ಅವಳದೂ ಇದೆ.

ಅಣ್ಣ ತನ್ನ ಡ್ರೈವಿಂಗ್ ಶಾಲೆಯ ಮೂವರು ಶಿಷ್ಯರನ್ನು ಕಟ್ಟಿಕೊಂಡು ಪಂದ್ಯಕ್ಕೆ ಬಂದ. ತಂಗಿ ಸೋಲುವುದನ್ನು ಒಬ್ಬನೇ ನೋಡಿದರೆ ರುಚಿ ಸಾಲದಲ್ಲ!

ಬಾವುಟ ಇಳಿಯಿತು. ಆರು ಕಾರುಗಳು ಧೂಳೆಬ್ಬಿಸಿ ಓಡಿದವು. ಮೊದಲ ತಿರುವಿನಲ್ಲಿ ಅವಳು ಎಡಕ್ಕೆ ತಿರುಗಿಸಿದಳು, ಕಾರು ಬಲಕ್ಕೆ ಹೊರಳಿ ಹಳೇ ಟೈರುಗಳ ಸಾಲಿಗೆ ಗುದ್ದಿ ಮಗುಚಿತು. ಅಣ್ಣನ ಗುಂಪಿನಿಂದ ಹೋ ಎಂಬ ಸದ್ದು ಬಂತು. ಆದರೆ ಅವಳ ತಲೆ ಕೆಲಸ ಮಾಡುತ್ತಿತ್ತು. ರಿಮೋಟನ್ನು ತಿರುವಿ ನೋಡಿದಳು. ತಳದಲ್ಲಿ, ಎಡಬಲವನ್ನು ಅದಲುಬದಲು ಮಾಡುವ ಸಣ್ಣ ಗುಂಡಿ ಆಚೆ ಕಡೆಗೆ ಸರಿದಿತ್ತು. ಅದು ತಾನಾಗಿ ಸರಿಯುವ ಗುಂಡಿಯಲ್ಲ, ಉಗುರಿನಿಂದ ಎಬ್ಬಿಸಬೇಕು. ಯಾರು ಎಬ್ಬಿಸಿದರು ಎಂದು ಯೋಚಿಸಲು ಹೊತ್ತಿರಲಿಲ್ಲ. ಮೊದಲಿನ ಜಾಗಕ್ಕೆ ಸರಿಸಿದಳು. ಟೈರುಗಳ ಬಳಿ ನಿಂತಿದ್ದವರೊಬ್ಬರು ಕಾರನ್ನು ಎತ್ತಿ ನಿಲ್ಲಿಸಿದರು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಎಡಕ್ಕೇ ಎಳೆಯುವ ಕಾರನ್ನು ಉದ್ದಕ್ಕೂ ಬಲಕ್ಕೆ ಹಿಡಿದು ಹಿಡಿದು ಕುಂಟಿಸಿಕೊಂಡು ಮೂರು ಸುತ್ತು ತಂದಳು. ಉಳಿದವರೆಲ್ಲ ಮುಗಿಸಿ ಎಷ್ಟೋ ಹೊತ್ತಾಗಿತ್ತು. ಆದರೂ ಮೂರು ಅಂದರೆ ಮೂರೇ.

"ಸ್ಟೇರಿಂಗ್ ಯಾಕಮ್ಮ ಉಲ್ಟಾ ಇತ್ತು?" ಎಂದು ತೀರ್ಪುಗಾರ ಕೇಳಿದ. ಅವನು ವಾರದ ದಿನಗಳಲ್ಲಿ ಲೇತ್ ಕೆಲಸ ಮಾಡುವವನು.

ಅಷ್ಟರಲ್ಲಿ ಅಣ್ಣ ಮುಂದೆ ಬಂದ. ಗೆಲುವಿನಲ್ಲಿ ಪಾಲು ಬಿಟ್ಟುಕೊಡುವ ಜಾಯಮಾನ ಅವನದಲ್ಲ.

"ಉಲ್ಟಾ ಇದ್ದಿದ್ದು ಮೊದಲು ಸ್ವಾಮಿ! ಬೆಳಗ್ಗೆ ಇವಳು ಸ್ನಾನಕ್ಕೆ ಹೋದಾಗ ನಾನೇ ನೋಡಿ ಸರಿಮಾಡಿಟ್ಟೆ. ಇಲ್ದಿದ್ರೆ ಒಂದು ಸುತ್ತೂ ಮುಗೀತಿರ್ಲಿಲ್ಲ. ಮೂವತ್ತು ವರ್ಷದ ಅನುಭವ ನಂದು."

"ಹೌದಾ? ಹೇಗೆ ನೋಡಿದ್ರಿ?"

"ಪಡಸಾಲೆಯ ಆ ತುದೀಲಿ ಕಾರಿಟ್ಟೆ, ಈ ತುದೀಲಿ ನಾನು ನಿಂತೆ. ಅದು ನನ್ನ ಕಡೆ ಬರ್ತಿರುವಾಗ ಎಡಕ್ಕೆ ತಿರುಗಿಸಿದ್ರೆ ನನ್ನ ಬಲಕ್ಕೆ ಹೋಯ್ತು."

ತೀರ್ಪುಗಾರ ಮೂಗಿನ ಮೇಲೆ ಬೆರಳಿಟ್ಟ. "ಎದುರಿಗೆ ಬರೋ ಗಾಡಿಯ ಎಡ ನಿಮ್ಮ ಬಲ ಅಲ್ವಾ ಮೇಷ್ಟ್ರೇ? ಮೊದಲ ದಿನ ಇಲ್ಲಿ ನಾವು ಹೇಳಿಕೊಡೋದೇ ಅದು."

ಮೂವರು ಶಿಷ್ಯರಲ್ಲಿ ಇಬ್ಬರು ಆಕಾಶ ನೋಡಿದರು. ಮೂರನೆಯವಳು, ಮರುದಿನವೇ ಲೈಸೆನ್ಸ್ ಪರೀಕ್ಷೆ ಇದ್ದವಳು, ಕಂಗಾಲಾಗಿ ಮೇಷ್ಟ್ರ ಮುಖ ನೋಡಿದಳು.

ತಂಗಿಗೆ ಗೆದ್ದ ಖುಷಿಯಾಗಲಿಲ್ಲ. ಮೈಯೆಲ್ಲ ಉರಿಯಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಇಷ್ಟು ವರ್ಷ ತಾನು ಹೆದರಿಕೊಂಡು ಬದುಕಿದ್ದು ಈ ಮಹಾಜ್ಞಾನಿಗೆ! ಒಂದು ಮೇಜಿಗಾಗಿ ಅಪ್ಪಣೆ ಬೇಡಿದ್ದು ಇವನ ಹತ್ತಿರ! ಸೊಟ್ಟ ಚಕ್ರದ ಕಾರನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಎದುರಿಗೆ ಹೋಗಿ ನಿಂತಳು.

"ಅಣ್ಣ, ಮೇಜು ಮಾತ್ರ ಅಲ್ಲ, ಆ ಮೇಜಿರೋ ಕೋಣೇನೂ ನಂದೇ. ಇವತ್ತಿಂದ ಬಾಗಿಲು ತಟ್ಟಿ ಒಳಗೆ ಬಾ."