ಕೊತೊನುವಿನಿಂದ ನಿಯಾಮೆಗೆ ವಿಮಾನದ ದಾರಿ

ಕೊತೊನುವಿನ ದಂತೊಕ್ಪಾ ಮಾರುಕಟ್ಟೆಯಲ್ಲಿ ಬಟ್ಟೆ ಮಾರುವ ಪೆಲಾಜಿಗೆ ಪಕ್ಕದ ದೇಶದ ನಿಯಾಮೆಯಲ್ಲಿ ಮೊಮ್ಮಗಳು ಹುಟ್ಟಿದಳು. ಏಳನೆಯ ದಿನ ನಾಮಕರಣ. ಅಕ್ಕ ಅಫ್ಯಾವಿ ಹೊಗೆಯಲ್ಲಿ ಒಣಗಿಸಿದ ಮೀನು ಕಟ್ಟಿಕೊಂಡು ಬಸ್ಸಿಗೆ ಸಿದ್ಧಳಾದಳು. ಪೆಲಾಜಿ ಒಪ್ಪಲಿಲ್ಲ. ಮಗಳ ಮದುವೆಗೆ ಹೋದಾಗ, ಬಸ್ಸಿನ ಧೂಳಿನಲ್ಲಿ ಮಿಂದು ಇಳಿದ ಅವಳನ್ನು ಬೀಗಿತಿ ಹಲೀಮತು ಅಡುಗೆಯವಳೆಂದುಕೊಂಡು ಹಿತ್ತಲಿಗೆ ಕಳಿಸಿದ್ದಳು. ಆ ಉರಿ ಇನ್ನೂ ಆರಿರಲಿಲ್ಲ.

"ಈ ಸಲ ಆಕಾಶದಿಂದ ಇಳೀತೀನಿ," ಎಂದಳು. "ನೇರ ಗೆರೆ ಎಳೆದ್ರೆ ಎಂಟುನೂರು ಕಿಲೋಮೀಟರೂ ಇಲ್ವಂತೆ. ಕೂತು ಏಳೋದ್ರೊಳಗೆ ಊರು ಬರುತ್ತೆ."

"ಗೆರೆ ಮೇಲೆ ವಿಮಾನ ಹೋಗುತ್ತೇನೇ?" ಎಂದಳು ಅಕ್ಕ.

ಹೋಗುತ್ತಿರಲಿಲ್ಲ. ನೇರ ವಿಮಾನ ನಿಂತು ಎಷ್ಟೋ ಕಾಲವಾಗಿತ್ತು. ಮೊದಲು ಮರುಭೂಮಿ ದಾಟಿ ಆಲ್ಜಿಯರ್ಸ್, ಅಲ್ಲಿ ವಿಮಾನ ಬದಲಿಸಿ ಹಿಂದಕ್ಕೆ ನಿಯಾಮೆ.

"ಒಟ್ಟು ಆರು ಸಾವಿರ ಕಿಲೋಮೀಟರ್ ಆಗುತ್ತಮ್ಮಾ," ಎಂದ ಟಿಕೆಟ್ ಕೊಡುವವನು ಸಂಕೋಚದಿಂದ.

"ಆಗ್ಲಿ ಬಿಡಪ್ಪ. ಕೊಡೋ ದುಡ್ಡಿಗೆ ಅಷ್ಟಾದರೂ ಸುತ್ತಿಸಬೇಡ್ವೇ?"

ಹೊಸ ಬಟ್ಟೆ ಉಟ್ಟು, ತಲೆಗೆ ಅದರದೇ ರುಮಾಲು ಸುತ್ತಿ, ಪೆಲಾಜಿ ಕಿಟಕಿಯ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಕೆಳಗೆ ಕಂದು ಬಣ್ಣದ ಅಗಲವಾದ ನದಿ, ಸೇತುವೆಗಳು, ಒತ್ತೊತ್ತಾದ ಮನೆಗಳು ಕಂಡವು. ಗಗನಸಖಿಯನ್ನು ಕರೆದಳು.

"ಅದ್ಯಾವ ಊರು ಮಗಾ?"

"ನಿಯಾಮೆ, ಅಮ್ಮಾ."

"ನಾನು ಹೋಗ್ಬೇಕಾಗಿರೋದೇ ಅಲ್ಲಿಗೆ."

"ನಾಳೆ ಹೋಗ್ತೀರಲ್ಲಮ್ಮಾ," ಎಂದು ಹುಡುಗಿ ಹಣ್ಣಿನ ರಸ ಕೊಟ್ಟು ಹೋದಳು. ಊರು ಹಿಂದಕ್ಕೆ ಸರಿಯುವವರೆಗೂ ಪೆಲಾಜಿ ಗಾಜಿಗೆ ಹಣೆಯೊತ್ತಿ ನೋಡಿದಳು.

ಆಲ್ಜಿಯರ್ಸ್‌ನ ಚಳಿಯಲ್ಲಿ ಮಗುವಿಗೆಂದು ತಂದ ಬಟ್ಟೆಯನ್ನೆಲ್ಲ ತಾನೇ ಹೊದ್ದುಕೊಂಡಳು. ಮರುದಿನ ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತು. ಆದರೆ ನಿಯಾಮೆಯನ್ನು ಹರ್ಮತಾನ್ ಗಾಳಿಯ ಧೂಳು ಮುಚ್ಚಿತ್ತು. ವಿಮಾನ ಸುತ್ತಿತು, ಮತ್ತೆ ಸುತ್ತಿತು. ಕೊನೆಗೆ ಪೈಲಟ್, ಇಲ್ಲಿ ಇಳಿಯಲು ಆಗುವುದಿಲ್ಲ, ಆಕಾಶ ತಿಳಿಯಾಗಿರುವ ಊರಿಗೆ ಹೋಗುತ್ತೇವೆ ಎಂದ. ಆ ಊರು ಕೊತೊನು.

"ಎಲ್ಲಿಂದ ಬಂದ್ರಿ?" ಎಂದು ಕೇಳಿದ ಪಾಸ್‌ಪೋರ್ಟ್ ನೋಡುವವನು.

"ಇಲ್ಲಿಂದಲೇ."

ಪೆಲಾಜಿ ಮನೆಗೂ ಹೋಗದೆ ಬಸ್ಸು ಹಿಡಿದಳು. ಆಡಿನ ಪಕ್ಕದಲ್ಲಿ ಜಾಗ ಸಿಕ್ಕಿತು. ನಿಯಾಮೆಯ ಮನೆ ತಲುಪುವಾಗ ನಾಮಕರಣದ ಕುರಿ ಊಟ ಮುಗಿದು, ಅಂಗಳದ ಚಾಪೆಯ ಮೇಲೆ ಅಫ್ಯಾವಿ ಮತ್ತು ಹಲೀಮತು ಮಗುವನ್ನು ನಡುವೆ ಮಲಗಿಸಿಕೊಂಡು, ಎಷ್ಟೋ ವರ್ಷದ ಗೆಳತಿಯರಂತೆ ಚಹಾ ಕುಡಿಯುತ್ತಿದ್ದರು. ಅಜ್ಜಿ ಕೂರಬೇಕಾದ ಜಾಗದಲ್ಲಿ ಅಕ್ಕ ಕೂತು ಎಲ್ಲ ಶಾಸ್ತ್ರ ಮುಗಿಸಿದ್ದಳು. ಪೆಲಾಜಿ ಮಗುವನ್ನೆತ್ತಿಕೊಂಡು ಚಾಪೆಯ ಅಂಚಿನಲ್ಲಿ ಕೂತಳು.

ಹಲೀಮತು ಚಹಾದ ಲೋಟ ಅವಳ ಕೈಗಿಟ್ಟಳು. "ಮನೆಯವರೆಲ್ಲ ನಿಮ್ಮನ್ನ ಕರ್ಕೊಂಡು ಬರೋಕೆ ಹೋಗಿದ್ವಿ. ಧೂಳಲ್ಲಿ ವಿಮಾನದ ಸದ್ದು ಕೇಳಿಸ್ತು, ವಿಮಾನ ಕಾಣಲೇ ಇಲ್ಲ."

"ಅದರೊಳಗೇ ಇದ್ದೆ ಬೀಗಿತಿ."

"ನಮ್ಮ ಮನೇಲಿ ಯಾರೂ ವಿಮಾನ ಹತ್ತಿಲ್ಲ. ನಿಮ್ಮೂರಿಗೆ ನಾನೂ ಹಾಗೇ ಬರ್ಬೇಕು ಅಂತ ಆಸೆ. ಬೇಗ ಬಂದ್ಬಿಡಬಹುದಲ್ವಾ?"

ಅಫ್ಯಾವಿ ಕೆಮ್ಮಿದಳು. ಪೆಲಾಜಿ ಚಹಾ ಗುಟುಕರಿಸಿ, ಬೀಗಿತಿಯ ಮುಖವನ್ನು ಒಮ್ಮೆ ಪ್ರೀತಿಯಿಂದಲೇ ನೋಡಿದಳು.

"ಖಂಡಿತ ಬನ್ನಿ," ಎಂದಳು. "ಕಿಟಕಿ ಪಕ್ಕದ ಸೀಟೇ ಕೇಳಿ ತಗೊಳ್ಳಿ."