ಮೇಷ್ಟ್ರು ಕೈಪಿಡಿ ಕೇಳಲು ಹೋದದ್ದು

ಗಣಿತದ ಮೇಷ್ಟ್ರು ಶಾಲೆ ಮುಗಿಸಿ ಬಂದವರೇ ಲ್ಯಾಪ್‌ಟಾಪ್ ಮುಂದೆ ಕೂತುಬಿಡುತ್ತಿದ್ದರು. ಹತ್ತಾರು ಊರಿನ ಹವ್ಯಾಸಿಗಳು ಸೇರಿ ಬಿಟ್ಟಿಯಾಗಿ ಕಟ್ಟುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಒಂದರಲ್ಲಿ ವೈಫೈ ಚಿಪ್ ನಡೆಸುವ ಕೋಡ್ ಬರೆಯುವ ಕೆಲಸ ಇವರ ತಲೆಗೆ ಬಂದಿತ್ತು. ಚಿಪ್ ಎರಡು ನಿಮಿಷ ನಡೆಯುತ್ತಿತ್ತು, ಆಮೇಲೆ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಚಿಪ್‌ನ ಕೈಪಿಡಿ ಕೊಡಿ ಎಂದು ಅದನ್ನು ತಯಾರಿಸಿದ ಕಂಪನಿಗೆ ಹನ್ನೊಂದು ಪತ್ರ ಬರೆದರು. ಹನ್ನೊಂದಕ್ಕೂ ಒಂದೇ ಉತ್ತರ: ವಿಷಾದಿಸುತ್ತೇವೆ.

"ಏನೋ ದೊಡ್ಡ ಗುಟ್ಟು ಮುಚ್ಚಿಡ್ತಿದ್ದಾರೆ ಕಣೇ. ನನ್ನನ್ನ ಕಂಡರೆ ಅವರಿಗೆ ಭಯ," ಎಂದರು ಊಟಕ್ಕೆ ಕೂತಾಗ.

"ನಿಮ್ಮನ್ನ ಕಂಡರೆ ಏಳನೇ ಕ್ಲಾಸಿನ ಮಕ್ಕಳಿಗೇ ಭಯ ಇಲ್ಲ," ಎಂದಳು ಹೆಂಡತಿ. "ಅಷ್ಟಿದ್ದರೆ ಹೋಗಿ ಕೇಳಿ."

ಶನಿವಾರ ಇಸ್ತ್ರಿ ಶರ್ಟು ತೊಟ್ಟು, ಜ್ಞಾನ ಎಲ್ಲರ ಸೊತ್ತು ಎಂಬ ಭಾಷಣ ಬಾಯಿಪಾಠ ಮಾಡಿಕೊಂಡು ಕಂಪನಿಯ ಕಚೇರಿಗೆ ಹೋದರು. ಕೆಳಗಿಳಿದು ಬಂದ ಹಿರಿಯ ಎಂಜಿನಿಯರಮ್ಮ ಮೊದಲ ವಾಕ್ಯಕ್ಕೇ ಕೈಯೆತ್ತಿ ತಡೆದರು.

"ಕೊಡಬಾರದು ಅಂತಲ್ಲ ಮೇಷ್ಟ್ರೇ, ಇದ್ದರೆ ತಾನೇ ಕೊಡೋದು? ಬರೆದಿದ್ದೇ ಅರ್ಧ, ಬರೆದವರು ಕೆಲಸ ಬಿಟ್ಟು ಹೋದರು. ಆ ಅರ್ಧದಲ್ಲೂ ಚಿಪ್‌ನ ತಪ್ಪುಗಳದ್ದೇ ಪಟ್ಟಿ. ಹೊರಗೆ ಬಿಟ್ಟರೆ ಮಾನ ಹೋಗುತ್ತೆ. ಚಿಪ್‌ನ ಒಂದು ಭಾಗ ಬೇರೆ ಕಂಪನಿಯಿಂದ ತಂದಿದ್ದು. ಅದನ್ನ ತೋರಿಸಿದರೆ ನಮ್ಮ ವಕೀಲರು ನನ್ನ ತಲೆ ತೆಗೀತಾರೆ."

ಹನ್ನೊಂದು ಪತ್ರಗಳ ಶೂರನಿಗೆ ಈಗ ಅರ್ಥವಾಯಿತು. ಇಷ್ಟು ದಿನ ತಾವು ಕತ್ತಿ ಝಳಪಿಸಿದ್ದು ಖಾಲಿ ಬೀರುವಿನ ಮುಂದೆ!

"ನೀವು ಇಂಟರ್ನೆಟ್‌ನಲ್ಲಿ ಹಾಕಿರೋ ಕೋಡ್ ಓದಿದೀನಿ," ಎಂದರು ಆಕೆ. "ಬರೀ ಊಹೆ ಮೇಲೆ ಇಷ್ಟು ದೂರ ಬಂದಿದೀರಲ್ಲ, ಭೇಷ್! ಒಂದು ಸಾಲಿನ ಪಕ್ಕ 'ಇದನ್ನು ಮುಟ್ಟಬೇಡಿ' ಅಂತ ಬರೆದಿದೀರಿ. ಯಾಕೆ?"

ಮೇಷ್ಟ್ರು ನಿಜ ಒಪ್ಪಿಕೊಂಡರು. "ಆ ಸಾಲು ಯಾಕೆ ಕೆಲಸ ಮಾಡುತ್ತೆ ಅಂತ ನನಗೂ ಗೊತ್ತಿಲ್ಲ ಮೇಡಂ."

"ಅದನ್ನಾದರೂ ಬರೆದಿಡಬಹುದಿತ್ತಲ್ಲ?"

"ಬರೆದರೆ ಎಲ್ಲರಿಗೂ ಗೊತ್ತಾಗಿಬಿಡುತ್ತಲ್ಲ!"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಾಗಿಲವರೆಗೆ ಬಂದು ದನಿ ತಗ್ಗಿಸಿ, "ಚಿಪ್‌ಗೆ ಒಂದು ಆಜ್ಞೆ ಕೊಟ್ಟ ಮೇಲೆ ಇನ್ನೂ ಸ್ವಲ್ಪ ಕಾಯಿರಿ, ಆಮೇಲೆ ಮುಂದಿನದು ಕೊಡಿ. ನಾನು ಹೇಳಿದೆ ಅನ್ನಬೇಡಿ," ಎಂದರು.

ಮೇಷ್ಟ್ರು ಮನೆಗೆ ಬಂದು ಕೋಡಿನಲ್ಲಿ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಿದರು. ಎರಡು ವರ್ಷ ಮೊಂಡುಹಠ ಹಿಡಿದಿದ್ದ ಚಿಪ್ ಸಂಜೆಯವರೆಗೂ ನಿಲ್ಲದೆ ನಡೆಯಿತು. ಮೇಷ್ಟ್ರಿಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ನಾಚಿಕೆ. ತಮಗೆ ಗೊತ್ತಿರುವುದನ್ನೆಲ್ಲ ಬರೆದಿಡಲು ಕೂತರು. ಎಷ್ಟು ತಿಣುಕಿದರೂ ಅರ್ಧ ಪುಟ ತುಂಬಲಿಲ್ಲ.

ಹೆಂಡತಿ ಬಗ್ಗಿ ನೋಡಿದಳು. "ಇಷ್ಟೇನಾ ನಿಮಗೆ ಗೊತ್ತಿರೋದು?"

"ಇಷ್ಟಾದರೂ ಇದೆಯಲ್ಲ ಅಂತ ನನಗೇ ಆಶ್ಚರ್ಯ," ಎಂದ ಮೇಷ್ಟ್ರು, 'ಉಳಿದದ್ದು ನನಗೂ ಗೊತ್ತಿಲ್ಲ' ಎಂದು ಬರೆದು ಕೆಳಗೆ ಧೈರ್ಯವಾಗಿ ತಮ್ಮ ಹೆಸರು ಹಾಕಿದರು.