ಬ್ಯಾರನ್ನಿನ ಕ್ಯಾಮೆರಾ

ನಮ್ಮ ಮನೆಯ ಇಂಟರ್‌ನೆಟ್ಟಿನಲ್ಲಿ ಮೊದಲ ಪಾಲು ಅತ್ತೆ ವಿಮಲಮ್ಮನವರ ಧಾರಾವಾಹಿಗೆ, ಎರಡನೆಯದು ಮೈದುನ ಶರತ್‌ನ ಮೊಬೈಲ್ ಆಟಕ್ಕೆ, ಮೂರನೆಯದು ನನ್ನ ಗಂಡ ಶಶಿಕುಮಾರ್‌ಗೆ. ಉಳಿದಿದ್ದು ನನಗೆ. ಉಳಿಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಈ ಸಲ ಮಾತ್ರ ನನಗದು ಬೇಕೇ ಬೇಕಿತ್ತು. ವಿಮೆ ಅರ್ಜಿಗಳನ್ನು ಪರಿಶೀಲಿಸುವ ಮೈಸೂರಿನ ಕಂಪನಿಯೊಂದು ಗುರುವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ಸಂದರ್ಶನ ಇಟ್ಟಿತ್ತು. ನಾನು ಮಿರ್ಲೆಯವಳು. ಕೆ.ಆರ್. ನಗರಕ್ಕೆ ದಿನಾ ಬಸ್ಸಲ್ಲಿ ಹೋಗಿ ಬಿ.ಕಾಂ. ಮುಗಿಸಿದವಳು. ಮದುವೆಯಾಗಿ ಹುಣಸೂರಿನ ಪಕ್ಕದ ಈ ಊರಿಗೆ ಬಂದು ಮೂರು ವರ್ಷವಾಯಿತು, ಒಂದು ದಿನವೂ ಒಬ್ಬಳೇ ಬಸ್ಸು ಹತ್ತಿಲ್ಲ. ಯಾರೂ ಬೇಡ ಅನ್ನುವುದಿಲ್ಲ. ಎಲ್ಲಿಗೆ ಅಂತ ಕೇಳುತ್ತಾರೆ, ಶರತ್ ಬಿಟ್ಟು ಬರ್ತಾನೆ ಇರು ಅನ್ನುತ್ತಾರೆ. ಅಷ್ಟು ಹೊತ್ತಿಗೆ ಹೋಗುವ ಆಸೆಯೇ ಸತ್ತಿರುತ್ತದೆ. ನಿಜ ಹೇಳಬೇಕೆಂದರೆ ನನಗೆ ಸಂಬಳಕ್ಕಿಂತ ಆ ಬಸ್ಸು ಬೇಕಿತ್ತು.

ಇನ್ನೊಂದು ಕಾಟವೂ ಇತ್ತು. ಶಶಿಕುಮಾರ್ ಹೊಗೆಸೊಪ್ಪಿನ ಹರಾಜಿಗೆ ಹೋಗಿ ಕೂತವರು ಅಲ್ಲಿಂದಲೇ ಫೋನ್ ಮಾಡಿ, ಬಾಗಿಲಲ್ಲಿ ಯಾರ ಜೊತೆ ಅಷ್ಟೊತ್ತು ಮಾತಾಡ್ತಿದ್ದೆ ಅಂತ ಕೇಳುತ್ತಿದ್ದರು. ಅತ್ತೆಯೇ ಚಾಡಿ ಹೇಳುತ್ತಾರೆ ಅಂತ ನಾನು ಒಳಗೊಳಗೇ ಅವರಿಗೆ ಶಾಪ ಹಾಕುತ್ತಿದ್ದೆ.

ಸೋಮವಾರ ಗೆಳತಿ ಕಾವ್ಯಾಳ ಜೊತೆ ವಿಡಿಯೋದಲ್ಲಿ ಮಾತಾಡಿ ನೋಡಿದೆ. ಅವಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಟ್ಟಿತು. ಮಾರನೆಯ ದಿನ ಕೇಬಲ್ಲಿನ ರೇಣುಕಾಪ್ರಸಾದ್‌ನನ್ನು ಕರೆಸಿದೆ. ಅವನು ಬೀರುವಿನ ಹಿಂದಿದ್ದ ವೈಫೈ ಡಬ್ಬವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ, ಯಾವ್ಯಾವುದಕ್ಕೆ ನೆಟ್ ಹೋಗುತ್ತಿದೆ ಅಂತ ಪಟ್ಟಿ ತೆಗೆದು ನೋಡಿದ.

"ಲೈನು ಸರಿಯಾಗೇ ಐತೆ ಕಣಕ್ಕ. ಒಂದು ಕ್ಯಾಮೆರಾ ಇಪ್ಪತ್ನಾಲ್ಕು ಗಂಟೆ ವಿಡಿಯೋ ಕಳಿಸ್ತಾ ಕುಂತೈತೆ. ಅದನ್ನ ಕಿತ್ತಾಕಿ, ಸಾಕು."

ನನಗೆ ಗೊತ್ತಾಯಿತು, ಅದು ಬ್ಯಾರನ್ನಿನ ಕ್ಯಾಮೆರಾ. ಹೊಗೆಸೊಪ್ಪು ಬೇಯಿಸುವ ಗೂಡಿಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ಐದಾರು ದಿನ ಬೆಂಕಿ ಆರುವಂತಿಲ್ಲ. ಶಾಖ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರಾಗೇ ಉಳಿಯುತ್ತದೆ. ಅದಕ್ಕೇ ಹೋದ ಸಲ ಶಶಿಕುಮಾರ್ ಒಳಗಿನ ಥರ್ಮಾಮೀಟರಿಗೆ ಮುಖ ಮಾಡಿ ಕ್ಯಾಮೆರಾ ಹಾಕಿಸಿ, ಎಲ್ಲರ ಫೋನಿಗೂ ಅದನ್ನು ಸೇರಿಸಿದ್ದರು. ನನ್ನ ಫೋನಲ್ಲಿ ಜಾಗ ಸಾಲದು ಅಂತ ಬಿಟ್ಟಿದ್ದರು. ಈಗ ಜನವರಿ, ಬ್ಯಾರನ್ ಖಾಲಿ ಬಿದ್ದಿದೆ. ಕ್ಯಾಮೆರಾ ಆರಿಸುವುದನ್ನು ಮರೆತಿದ್ದಾರೆ, ಗಂಡಸರ ಹಣೆಬರಹವೇ ಇಷ್ಟು ಅಂದುಕೊಂಡು ಹಿತ್ತಿಲು ದಾಟಿ ಹೋದೆ.

ಬ್ಯಾರನ್ನಿನಲ್ಲಿ ಕ್ಯಾಮೆರಾ ಇರಲಿಲ್ಲ.

ವಾಪಸ್ ಬಂದು, ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಫೋನು ತೆಗೆದುಕೊಂಡೆ. 'ಬ್ಯಾರನ್' ಅಂತ ಬರೆದದ್ದನ್ನು ಒತ್ತಿದೆ. ಥರ್ಮಾಮೀಟರ್ ಕಾಣಲಿಲ್ಲ. ಅಡುಗೆಮನೆ ಬಾಗಿಲು ಕಂಡಿತು, ಬೀದಿ ಬಾಗಿಲು ಕಂಡಿತು, ನಡುವೆ ಹಳದಿ ನೈಟಿಯ ಹೆಂಗಸೊಬ್ಬಳು ತಲೆ ತಗ್ಗಿಸಿ ಫೋನು ನೋಡುತ್ತಿದ್ದಳು. ನಾನು ಕೈ ಎತ್ತಿದೆ. ಸ್ವಲ್ಪ ತಡವಾಗಿ ಅವಳೂ ಎತ್ತಿದಳು.

ದೇವರ ಪಟಗಳ ಸಾಲಿನ ಹಿಂದೆ, ಗೋಡೆಯ ಮೂಲೆಯಲ್ಲಿ ಅದು ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು. ಇದೇನು ಅತ್ತೆ ಅಂತ ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಕಳ್ಳಕಾಕರ ಕಾಟ ಅಂತ ಆಕವ್ನೆ. ನಾನೂ ಅದ್ರಲ್ಲೇ ಇವ್ನಿ ಕಣವ್ವ."

ಇಷ್ಟು ದಿನ ಶಾಪ ಹಾಕಿದ್ದು ನೆನೆದು ನಾಚಿಕೆಯಾಯಿತು.

ಗುರುವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಸ್ಟೂಲು ಹತ್ತಿ ಕ್ಯಾಮೆರಾದ ವೈರು ಕಿತ್ತೆ. ನೆಟ್ ಹೇಗೆ ಓಡಿತೆಂದರೆ ಕಂಪನಿಯ ಮೇಡಂನ ಕಿವಿಯೋಲೆಯ ಹರಳೂ ಲ್ಯಾಪ್‌ಟಾಪಿನಲ್ಲಿ ಕಂಡಿತು. ಮನೆಯಿಂದ ಕೆಲಸ ಮಾಡುವುದಾದರೆ ನೆಟ್ಟಿನ ವೇಗ ಐವತ್ತಾದರೂ ಇರಬೇಕು, ಅಳೆದು ಫೋಟೋ ಕಳಿಸಬೇಕು, ಇಲ್ಲದಿದ್ದರೆ ದಿನಾ ಆಫೀಸಿಗೆ ಬರಬೇಕು ಅಂದರು. ನಮ್ಮ ಮನೆಯ ನೆಟ್ ಹತ್ತು ದಾಟುವುದಿಲ್ಲ ಮೇಡಂ, ಆಫೀಸಿಗೇ ಬರ್ತೀನಿ ಅಂದೆ. ಜೀವನದಲ್ಲಿ ಮೊದಲ ಸಲ ಆ ದರಿದ್ರ ನೆಟ್ಟಿನ ಮೇಲೆ ಪ್ರೀತಿ ಬಂತು. ಅಷ್ಟರಲ್ಲಿ ದಿಂಬಿನ ಕೆಳಗೆ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಎತ್ತಲಿಲ್ಲ.

ಮಧ್ಯಾಹ್ನ ಶಶಿಕುಮಾರ್ ಬಂದರು. ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಅವರು ಬೈಯಲೇ ಇಲ್ಲ. ಸಂದರ್ಶನದ ವಿಷಯವೆಲ್ಲ ಕೇಳಿ, ಒಳ್ಳೇದಾಯ್ತು ಅಂದು, ಸ್ಟೂಲು ಹತ್ತಿ ವೈರು ಮತ್ತೆ ಸಿಕ್ಕಿಸಿದರು.

"ಅದನ್ನ ತೆಗೀರಿ" ಅಂದೆ. "ನಾನೇನು ಬೇಯಕ್ಕಿಟ್ಟಿರೋ ಸೊಪ್ಪಾ?"

"ಬೆಲೆ ಇರೋದನ್ನೇ ಕಣೆ ಕಾಯೋದು" ಅಂದು ನಕ್ಕರು. ಕೋಪ ಮಾಡಿಕೊಳ್ಳುವ ಗಂಡನ ಜೊತೆ ಜಗಳವಾದರೂ ಆಡಬಹುದು. ನಗುವವನ ಜೊತೆ ಏನು ಮಾಡುವುದು, ನನಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಕಂಪನಿಯಿಂದ ನನ್ನ ಫೋನಿಗೆ ಸಂದೇಶ ಬಂತು. ಕೆಲಸ ಸಿಕ್ಕಿತ್ತು. ಮನೆಯಿಂದಲೋ ಆಫೀಸಿನಿಂದಲೋ ಇನ್ನೊಮ್ಮೆ ಖಚಿತಪಡಿಸಿ ಅಂತಿತ್ತು. ಖುಷಿಯಲ್ಲಿ ಬುದ್ಧಿಗೇಡಿ ನಾನು ಅದನ್ನು ಎಲ್ಲರಿಗೂ ಓದಿ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ರೇಣುಕಾಪ್ರಸಾದ್ ಹೊಸ ಡಬ್ಬ, ಹೊಸ ವೈರು ಹೊತ್ತು ಬಂದ. ಶಶಿಕುಮಾರೇ ಹೇಳಿಕಳಿಸಿದ್ದರಂತೆ. ಮನೆಗೆ ಹಬ್ಬ ಬಂದಂತಾಯಿತು. ಧಾರಾವಾಹಿ ಒಂದು ಕಡೆಯೂ ನಿಲ್ಲಲಿಲ್ಲ. ಎಲ್ಲಾ ನಿಮ್ಮಿಂದಲೇ ಅತ್ತಿಗೆ ಅಂತ ಶರತ್ ಹೊಗಳಿದ.

ಶಶಿಕುಮಾರ್ ನನ್ನ ಫೋನು ತೆಗೆದುಕೊಂಡು ವೇಗ ಅಳೆದರು. ಮುಳ್ಳು ಐವತ್ತು ದಾಟಿ ತೊಂಬತ್ತಾರಕ್ಕೆ ಹೋಗಿ ನಿಂತಿತು.

"ನೋಡು, ಈಗ ಕ್ಯಾಮೆರಾನೂ ಓಡ್ತದೆ, ನಿನ್ ಕೆಲ್ಸನೂ ಓಡ್ತದೆ. ಮೈಸೂರಿಗೆ ಯಾಕೆ ಅಲೀತೀಯ ಬುಡು."

"ನಂಗೆ ಬಸ್ಸಲ್ಲಿ ಹೋಗ್ಬೇಕು ಕಣ್ರೀ" ಅಂದೆ.

ಎಲ್ಲರೆದುರು ಹೇಳಿದಾಗ ಅದು ಮಕ್ಕಳ ಹಟದಂತೆ ಕೇಳಿಸಿತು. ಶರತ್ ನಕ್ಕ. ಬಸ್ಸಲ್ಲಿ ಅಂಥಾದ್ದೇನಿದೆ ಅಂತ ಶಶಿಕುಮಾರ್ ನಿಜವಾಗಿಯೂ ಅರ್ಥವಾಗದೆ ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ಟೀವಿ ನೋಡುತ್ತಿದ್ದರು.

ಶಶಿಕುಮಾರ್ ಆ ತೊಂಬತ್ತಾರರ ಫೋಟೋ ತೆಗೆದು, ಮನೆಯಿಂದಲೇ ಅಂತ ಬರೆದು, ನನ್ನ ಫೋನಿಂದಲೇ ಕಂಪನಿಗೆ ಕಳಿಸಿದರು. ಅರ್ಧ ನಿಮಿಷದಲ್ಲಿ ಉತ್ತರ ಬಂತು. ಸಂತೋಷ, ಸೋಮವಾರದಿಂದ ಶುರು ಮಾಡಿ, ಆಫೀಸಿಗೆ ಬರುವ ಅಗತ್ಯವಿಲ್ಲ.